ದುಡಿಯೋ ಎಣ್ಣೆ

"ಏಯ್ ತುರ್ಕ! ಕಿವಿಗೆ ಸೀಸ ಹುಯ್ಕೊಂಡಿದೀಯೇನ್ಲಾ? ಜನರೇಟ್ರು ಕೆಮ್ಮೋದು ಇಡೀ ಧಕ್ಕೆಗೆ ಕೇಳ್ತಾ ಐತೆ, ನಿನಗೆ ಕೇಳಾಕಿಲ್ವಾ? ಸೂಳೆಮಗನೆ, ಉಂಡು ಮಲಗಾಕೆ ಇಟ್ಟಿದೀನಾ ನಿನ್ನ?"

ಮೋಂಜಿ ಇಂಜಿನ್ ಕೋಣೆಯ ಕಬ್ಬಿಣದ ಏಣಿಯನ್ನು ಅರ್ಧ ಹತ್ತಿ ತಲೆಯನ್ನಷ್ಟೇ ಹೊರಗೆ ಹಾಕಿದ. ಮೊಣಕೈವರೆಗೂ ಕರಿ ಗ್ರೀಸು. ಬೋಟು ಕಟ್ಟುವ ಧಕ್ಕೆಯ ಮೇಲೆ ಅದರ ಧಣಿ ದೊನ್ ಗಾಸ್ಪರೆ ನಿಂತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬೆರಳಿನಲ್ಲಿ ಗಿರಗಿರ ತಿರುಗುವ ಕೀಲಿ. ಬೆನ್ನ ಹಿಂದೆ ಹೊಸ ಕಾರು. ಅದರ ಸೀಟಿನ ಪ್ಲಾಸ್ಟಿಕ್ಕು ಕೂಡ ಇನ್ನೂ ಕಿತ್ತಿರಲಿಲ್ಲ.

"ಈಗ ಕೆಮ್ತಾ ಇಲ್ಲ ಧಣಿ. ಫಿಲ್ಟ್ರಲ್ಲಿ ಕಸ ಕಟ್ಟಿತ್ತು. ತೊಳ್ದು ಹಾಕ್ದೆ."

"ತೊಳಿ, ತೊಳಿ. ಅದಕ್ಕೇ ಹುಟ್ಟಿರೋದು ನೀವು."

ಮಝಾರಾ ಬಂದರಿನಲ್ಲಿ ಸಮುದ್ರದ ಆಚೆ ದಡದಿಂದ ಬಂದವರಿಗೆಲ್ಲ ಒಂದೇ ಹೆಸರು, ತುರ್ಕ. ಇಪ್ಪತ್ತೆರಡು ವರ್ಷದ ಹಿಂದೆ ಮಹ್ದಿಯಾದಿಂದ ಬಂದಿಳಿದ ದಿನ ಮೋಂಜಿ, "ನಾನು ತುರ್ಕ ಅಲ್ಲ, ಟುನೀಸಿಯಾದೋನು" ಅಂದಿದ್ದ. "ಎಲ್ಲಾ ಒಂದೇ ಬಿಡ್ಲಾ" ಅಂದಿದ್ದ ಈ ಗಾಸ್ಪರೆಯ ಅಪ್ಪ. ಅಪ್ಪ ಸತ್ತ, ಬೋಟು ಮಗನಿಗೆ ಬಂತು. ಬಲೆ, ಹಗ್ಗ, ಲಂಗರಿನ ಜೊತೆಗೆ ಮೋಂಜಿಯ ಆ ಹೆಸರೂ ಮಗನ ಕೈಗೆ ಬಂತು.

'ಇಬ್ಬರು ಸೋದರರು' ಎಂಬ ಆ ಬೋಟು ಮೂವತ್ತನಾಲ್ಕು ದಿನ ಕಡಲಲ್ಲಿದ್ದು, ಒಡಲ ತುಂಬ ಕೆಂಪು ಸಿಗಡಿ ಹೊತ್ತು, ಧಕ್ಕೆಗೆ ಬಂದು ನಾಲ್ಕು ದಿನವಾಗಿತ್ತು. ಹಿಡಿದ ಗಳಿಗೆಯಲ್ಲೇ ಪೆಟ್ಟಿಗೆಗೆ ಜೋಡಿಸಿ ಕಲ್ಲಿನಂತೆ ಹೆಪ್ಪುಗಟ್ಟಿಸಿದ ಸಿಗಡಿ ಇನ್ನೂ ಜನರೇಟರಿನಿಂದ ತಣ್ಣಗಿರುವ ಬೋಟಿನ ಶೀತಕೋಣೆಯಲ್ಲೇ ಇತ್ತು. ಅದನ್ನು ಇಳಿಸಿ ಮಾರಿದರಲ್ಲವೇ ಏಳು ಜನಕ್ಕೆ ಪಾಲು? ಆ ಪಾಲಿನ ಪದ್ಧತಿಯೂ ಅಪ್ಪನ ಕಾಲದ್ದೇ. ಮಾರಿದ ದುಡ್ಡಿನಲ್ಲಿ ಮೊದಲು ಡೀಸೆಲ್ಲಿನದು ತೆಗೆ. ಮಿಕ್ಕದ್ದರಲ್ಲಿ ಅರ್ಧ ಧಣಿಗೆ, ಇನ್ನರ್ಧ ಏಳು ತಲೆಗೆ. ಡೀಸೆಲ್ ಅಗ್ಗವಿದ್ದಾಗ ಇದರ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ. ಬಡಗಣದಲ್ಲಿ ಯುದ್ಧ ಹತ್ತಿಕೊಂಡ ಆ ವರ್ಷ ಡೀಸೆಲ್ಲೇ ಎಲ್ಲರಿಗಿಂತ ದೊಡ್ಡ ಪಾಲುದಾರನಾಗಿ ಕೂತಿತು. ಬಲೆ ಎಳೆಯದೆ, ಕೈ ಕೊಯ್ದುಕೊಳ್ಳದೆ, ಮೊದಲ ಪಂಕ್ತಿಯಲ್ಲೇ ಉಂಡು ಎದ್ದುಹೋಗುವ ಪಾಲುದಾರ. ಹಿಂದಿನ ಸಲ ಬಂದಾಗ ಒಂದು ತಿಂಗಳ ದುಡಿಮೆಗೆ ಮೋಂಜಿಯ ಕೈಗೆ ಬಂದದ್ದು ಒಂದು ಜೊತೆ ಬೂಟಿಗೂ ಮನೆ ಬಾಡಿಗೆಗೂ ಸಾಲುವಷ್ಟು.

"ಸಿಗಡಿ ಯಾವತ್ತು ಇಳಿಸೋದು ಧಣಿ?"

"ನನ್ನ ಕೋಲ್ಡ್ ಸ್ಟೋರೇಜ್ ತುಂಬಿ ತುಳುಕ್ತಾ ಐತೆ. ಜಾಗ ಆಗ್ಲಿ. ಇನ್ನೊಂದು ವಾರ ಬಿಟ್ರೆ ರೇಟು ಏರ್ತದೆ, ನಿಮಗೂ ಲಾಭ ತಾನೆ? ಅಲ್ಲೀಗಂಟ ಜನರೇಟ್ರು ಓಡ್ಲಿ."

"ಜನರೇಟ್ರು ಗಂಟೆಗೊಂದು ಬಕೆಟ್ ಡೀಸೆಲ್ ಕುಡೀತದೆ. ಅರ್ಧ ಬಕೆಟ್ ನಮ್ಮ ಹೊಟ್ಟೆಯಿಂದ ಧಣಿ."

"ರೇಡಿಯೋ ಕೇಳಾಕಿಲ್ವೇನ್ಲಾ? ಎಣ್ಣೆ ರೇಟು ಇಳಿದೈತೆ! ಬಂಕಲ್ಲಿ ಆಳೆತ್ತರ ಬರ್ದು ಹಾಕವ್ರೆ. ಅದಕ್ಕೇ ಅಲ್ವಾ ಇದನ್ನ ತಗೊಂಡಿದ್ದು." ದೊನ್ ಗಾಸ್ಪರೆ ಕಾರಿನ ಮೂತಿಯ ಮೇಲೆ ಹಸುವಿನ ಬೆನ್ನು ಸವರಿದಂತೆ ಕೈಯಾಡಿಸಿದ.

"ಇಳಿದಿರೋದು ಪೆಟ್ರೋಲು. ಡೀಸೆಲ್ ಎಲ್ಲಿತ್ತೋ ಅಲ್ಲೇ ಐತೆ."

"ಎಣ್ಣೆ ಎಣ್ಣೆನೇ ಕಣ್ಲಾ. ನನಗೇ ಪಾಠ ಹೇಳ್ತೀಯಾ? ನಡಿ, ಇಳಿ ಕೆಳಗೆ. ನಿನ್ನ ಮುಸುಡಿ ಈ ಕಡೆ ತಿರುಗಿದ್ರೆ ಕಾರಿಗೆ ಮಸಿ ಹತ್ತುತ್ತೆ."

ಮೋಂಜಿ ಕೆಳಗಿಳಿದ. ಮೇಲೆ ಕಾರು ಹೊರಟ ಸದ್ದು ಕೇಳಲೇ ಇಲ್ಲ, ಅಷ್ಟು ನುಣುಪು.

*

ಮಧ್ಯಾಹ್ನ ಮೇಲಟ್ಟದ ನೆರಳಲ್ಲಿ ಮೋಂಜಿಯ ಜೊತೆ ಇಬ್ಬರು ಕೂತಿದ್ದರು. ಬೋಟು ನಡೆಸುವ ತಾಂಡೇಲ ಸಾರೊ, ಅರವತ್ತು ದಾಟಿದವನು, ಅದೇ ಊರಿನವನು, ಧಣಿಯ ಇಗರ್ಜಿಯವನು. ಕಲಾಸಿ ಲಝರ್, ಮೋಂಜಿಯ ಊರಿನವನು, ಬಲೆ ಹೊಲಿಯುವ ಕೈಗಿಂತ ಬಾಯಿ ಚುರುಕು. ಮಿಕ್ಕ ನಾಲ್ವರು ಕಲಾಸಿಗಳು ಊರೊಳಗೆ ಹೋಗಿದ್ದರು. ಬ್ರೆಡ್ಡಿನ ಮೇಲೆ ಟೊಮೆಟೊ ಉಜ್ಜಿ, ಮೇಲೊಂದು ಉಪ್ಪುಮೀನಿನ ತುಂಡು ಇಟ್ಟುಕೊಂಡು ತಿನ್ನುತ್ತಿದ್ದರು.

"ಮೋಂಜಿಯಣ್ಣ, ನನಗೊಂದು ತಿಳೀವಲ್ದು" ಅಂದ ಲಝರ್. "ಎರಡೂ ಒಂದೇ ತಾಯಿ ಮಕ್ಕಳಲ್ವಾ? ಅದೇ ಕಚ್ಚಾ ಎಣ್ಣೆ ಕಾಯಿಸಿ ತೆಗೆಯೋದು. ಒಬ್ಬ ಇಳಿದು ಬಂದ. ಇನ್ನೊಬ್ಬ ಯಾಕೆ ಅಟ್ಟದ ಮೇಲೇ ಕಾಲು ಇಳಿಬಿಟ್ಕೊಂಡು ಕೂತವ್ನೆ?"

"ಪೆಟ್ರೋಲ್ ಕುಡಿಯೋರು ಯಾರು?"

"ಧಣಿ ಕಾರು."

"ಹೂಂ. ಬೇಸಿಗೆ ರಜ ಮುಗೀತು. ಸಮುದ್ರ ನೋಡಾಕೆ ಬಂದೋರು ಮನೆ ಸೇರಿದ್ರು, ಕಾರುಗಳು ಮಲಗಿದ್ವು. ಪೆಟ್ರೋಲ್ ಕೇಳೋರಿಲ್ಲ, ಇಳೀತು. ಡೀಸೆಲ್ ಕುಡಿಯೋರು ಯಾರು?"

"ನಾವು."

"ನಾವು, ಲಾರಿ, ಟ್ರಾಕ್ಟ್ರು, ಹಡಗು. ಇದ್ರಲ್ಲಿ ಯಾವ್ದು ರಜ ತಗೊಳ್ತದೆ ಹೇಳು? ಅದ್ರ ಮೇಲೆ ಚಳಿಗಾಲ ಬಂತು. ಬಡಗಣ ಸೀಮೆಯೋರು ಮನೆ ಬೆಚ್ಚಗೆ ಮಾಡ್ಕೊಳ್ಳೋದೂ ಇದೇ ಎಣ್ಣೇಲಿ. ರಷ್ಯಾದಿಂದ ಬರ್ತಿದ್ದದ್ದೂ ಜಾಸ್ತಿ ಇದೇ, ಯುದ್ಧ ಅಂತ ಆ ಬಾಗ್ಲು ಹಾಕ್ತಾ ಅವ್ರೆ. ಅದು ತಿರುಗೋ ಎಣ್ಣೆ ಕಣ್ಲಾ, ಇದು ದುಡಿಯೋ ಎಣ್ಣೆ. ತಿರುಗೋನು ಬೇಕಾದ್ರೆ ಮನೇಲಿ ಕೂರ್ತಾನೆ. ದುಡಿಯೋನು ಕೂರಾಕಾಗುತ್ತಾ? ಅದು ಮಾರೋನಿಗೂ ಗೊತ್ತು. ಅದಕ್ಕೇ ತುಟ್ಟಿ."

"ಮತ್ತೆ ಸರ್ಕಾರ ರೇಟು ಇಳಿಸ್ತು ಅಂತ ಟೀವೀಲಿ ಬಡ್ಕೊಂಡ್ರಲ್ಲ?"

ಸಾರೊ ಉಪ್ಪುಮೀನಿನ ಮುಳ್ಳನ್ನು ನಾಲಿಗೆಯ ತುದಿಗೆ ತಂದು ಉಗಿದ. "ಅವ್ರು ಕೊಯ್ದದ್ದು ತೆರಿಗೆ. ಬೋಟಿನ ಎಣ್ಣೆಗೆ ಮೊದ್ಲಿಂದ್ಲೂ ತೆರಿಗೆ ಇಲ್ಲ. ಇಲ್ಲದ ಬಾಲಾನ ಏನಂತ ಕೊಯ್ತಾರೆ?"

"ನಮ್ದಾದ್ರೆ ಸಣ್ಣೋರಿದ್ದಾಗ್ಲೇ ಕೊಯ್ದು ಮುಗ್ಸವ್ರೆ ತಾಂಡೇಲ್ರೇ" ಅಂದ ಲಝರ್.

ಸಾರೊ ನಕ್ಕು ನಕ್ಕು ಕೆಮ್ಮಿದ. ಕಾಲ ಕೆಳಗೆ ಜನರೇಟರಿನ ನಡುಕ ಹಲಗೆಯಿಂದ ಕುಂಡೆಗೆ, ಕುಂಡೆಯಿಂದ ಹಲ್ಲಿಗೆ ಹತ್ತುತ್ತಿತ್ತು.

"ಬಂದರು ಕಚೇರೀಲಿ ಡೀಸೆಲ್‌ಗೆ ಪರಿಹಾರ ಕೊಡ್ತಾರಂತಲ್ಲ" ಅಂದ ಲಝರ್. "ನಿನಗೆ ಓದಾಕೆ ಬರ್ತದೆ. ಒಂದು ಮಾತು ಕೇಳ್ಕೊಂಡು ಹಂಗೇ ಮನೆ ಮುಖ ನೋಡ್ಕೊಂಡು ಬಾರಣ್ಣ. ನಾಲ್ಕು ದಿನದಿಂದ ಈ ಮುದಿ ಜನರೇಟ್ರನ್ನ ತಬ್ಕೊಂಡು ಮಲಗಿದೀಯ. ಇವತ್ತು ನಾನು ನೋಡ್ಕೊಳ್ತೀನಿ."

*

ಬಂದರು ಕಚೇರಿಯ ಕಿಟಕಿಯ ಹಿಂದಿನ ಗುಮಾಸ್ತ ತಲೆ ಎತ್ತಲಿಲ್ಲ.

"ಹೇಳು ಅಹ್ಮದ್."

"ನನ್ನ ಹೆಸ್ರು ಮೋಂಜಿ."

"ಕೂಗಿದ್ರೆ ಮುಂದೆ ಬಂದ್ಯಲ್ಲ, ಸಾಕು. ಏನು?"

"ಡೀಸೆಲ್ ಪರಿಹಾರದ ಅರ್ಜಿ. 'ಇಬ್ಬರು ಸೋದರರು' ಬೋಟು."

ಗುಮಾಸ್ತ ಎರಡು ಬೆರಳಲ್ಲಿ ಕೀಲಿಮಣೆ ಕುಟ್ಟಿದ. "ಕೊಟ್ಟಾಗಿದೆ. ಆಗಸ್ಟಲ್ಲೇ."

"ಯಾರಿಗೆ ಸ್ವಾಮಿ?"

"ಬೋಟಿಗೆ."

"ಬೋಟಿಗೆ ಅಂದ್ರೆ?"

"ಬೋಟು ಯಾರ ಹೆಸರಲ್ಲಿದೆಯೋ ಅವರಿಗೆ. ಅಷ್ಟೂ ತಿಳಿಯಲ್ವಾ?"

"ಡೀಸೆಲ್ ದುಡ್ಡು ಮುರ್ಕೊಳ್ಳೋವಾಗ ನಮ್ಮ ಪಾಲಿಂದಾನೂ ಮುರ್ಕೊಳ್ತಾರೆ. ಪರಿಹಾರ ಮಾತ್ರ ಅವ್ರೊಬ್ರಿಗಾ?"

ಗುಮಾಸ್ತ ಆಗ ತಲೆ ಎತ್ತಿದ. ಕಿಟಕಿಯ ಕಟ್ಟೆಯ ಮೇಲೆ ಊರಿದ್ದ ಮೋಂಜಿಯ ಕೈಗಳನ್ನು ನೋಡಿದ. ಕರವಸ್ತ್ರ ತೆಗೆದು ಮೂಗಿಗೆ ಹಿಡಿದ. "ನೋಡಪ್ಪ, ಕಾನೂನಿನ ಕಣ್ಣಲ್ಲಿ ಇಂಧನ ಕೊಳ್ಳೋದು ಬೋಟು. ನೀನು ಬೋಟಾ?"

ಸಾಲಿನಲ್ಲಿದ್ದವರು ಗೊಳ್ಳೆಂದರು.

"ಅಲ್ಲ."

"ಮತ್ತೆ ಸರಿದುಕೊ. ಇನ್ನು ಮುಂದೆ ಯಾರಿಗೂ ಇಲ್ಲ, ಇಂಧನದ ರೇಟು ಇಳಿದಿದೆ. ಕೈ ತೆಗಿ, ಕಟ್ಟೆಗೆ ವಾಸನೆ ಹತ್ತುತ್ತೆ."

*

ಮನೆ ಇದ್ದದ್ದು ಹಳೆ ಪೇಟೆಯ ಓಣಿಯೊಂದರ ಕೊನೆಗೆ. ರಫೀಕ ಒಲೆಯ ಮೇಲೆ ಎರಡಂತಸ್ತಿನ ಪಾತ್ರೆ ಇಟ್ಟಿದ್ದಳು. ಕೆಳಗೆ ಮೀನಿನ ತಲೆಗಳ ಖಾರದ ಸಾರು, ಮೇಲೆ ಅದರ ಹಬೆಯಲ್ಲಿ ಬೇಯುವ ಕುಸ್‌ಕುಸ್ ರವೆ. ಗಂಡನ ಮುಖ ನೋಡಿದವಳೇ ಕೇಳಿದಳು, "ಇನ್ನೂ ಪಾಲು ಬಂದಿಲ್ವಾ?"

"ಸಿಗಡಿ ಇಳಿಸಿದ್ರೆ ತಾನೆ? ಧಣಿ ಕೋಲ್ಡ್ ಸ್ಟೋರೇಜ್ ತುಂಬೈತಂತೆ."

ರವೆ ಕೆದಕುತ್ತಿದ್ದ ಅವಳ ಕೈ ನಿಂತಿತು. "ಯಾವ ಕೋಲ್ಡ್ ಸ್ಟೋರೇಜು?"

"ಅದೇ, ನೀನು ಗುಡಿಸಾಕೆ ಹೋಗ್ತೀಯಲ್ಲ."

ರಫೀಕ ನಕ್ಕಳು. ನಗು ಮುಖಕ್ಕೆ ಬರುವ ಮೊದಲೇ ಮುಗಿಯಿತು. "ಅಯ್ಯೋ ಮಾರಾಯ. ಸೋಮವಾರದಿಂದ ಅದರ ಸ್ವಿಚ್ಚೇ ಹಾಕಿಲ್ಲ. ಬಾಗ್ಲು ಹಾರ್ಹೊಡ್ದು ಬಿಟ್ಟವ್ರೆ. ಒಳಗೆ ಬೆಕ್ಕು ಮರಿ ಹಾಕೈತೆ, ನಾಲ್ಕು. ಒಂದೂ ಇನ್ನೂ ಕಣ್ಣು ಬಿಟ್ಟಿಲ್ಲ."

ಮೋಂಜಿ ಅರ್ಧ ಬಿಚ್ಚಿದ ಬೂಟನ್ನು ಹಾಗೇ ಹಿಡಿದು ಕೂತ.

"ಕರೆಂಟ್ ಬಿಲ್ಲು ಬಂದ ದಿನ ನಿನ್ನ ಧಣಿ ಮ್ಯಾನೇಜ್ರಿಗೆ ಹೇಳ್ತಿದ್ದ, ನಾನು ಅಲ್ಲೇ ನೆಲ ಒರೆಸ್ತಾ ಇದ್ದೆ. ನೆಲ ಒರೆಸೋಳಿಗೆ ಕಿವಿ ಎಲ್ಲಿರ್ತದೆ? 'ಇಲ್ಲಿ ತಣ್ಣಗಿಟ್ರೆ ಪೂರಾ ಬಿಲ್ಲು ನನ್ನ ತಲೆ ಮೇಲೆ. ಬೋಟಲ್ಲೇ ತ‌ಣ್ಣಗಿರ್ಲಿ, ಅರ್ಧ ತುರ್ಕರು ಕಟ್ತಾರೆ' ಅಂದ. ನೀನು ಮನೆಗೆ ಬಂದಿದ್ರೆ ಅವತ್ತೇ ಹೇಳ್ತಿದ್ದೆ."

ಓಣಿಯಲ್ಲಿ ಯಾರೋ ಸ್ಕೂಟರ್ ಶುರು ಮಾಡಿದರು. ಪೆಟ್ರೋಲ್ ವಾಸನೆ ಒಳಗೆ ಬಂತು.

"ನಾನು ಬಾಯಿ ಬಿಟ್ರೆ ನಿನ್ನ ಕೆಲ್ಸ ಹೋಗ್ತದೆ" ಅಂದ ಮೋಂಜಿ.

"ಬೆಕ್ಕಿನ ಬಾಣಂತನ ಮಾಡೋ ಕೆಲ್ಸ. ಹೋದ್ರೆ ಹೋಗ್ಲಿ."

"ಏನ್ ಮಾಡ್ಬೇಕೋ ಗೊತ್ತಾಗ್ತಿಲ್ಲ ಕಣೆ."

"ಗೊತ್ತಾಗೋಕ್ಕೆ ಮುಂಚೆ ಉಣ್ಣು. ಗೊತ್ತಾದ್ಮೇಲೆ ಗಂಟ್ಲಲ್ಲಿ ಇಳಿಯಾಕಿಲ್ಲ."

*

ಮರುದಿನ ಬೆಳಿಗ್ಗೆಯಿಂದಲೇ ತೆಂಕಣ ಗಾಳಿ ಎದ್ದಿತ್ತು. ಮರಳುಗಾಡಿನ ಧೂಳು ಹೊತ್ತು ಸಮುದ್ರ ದಾಟಿ ಬರುವ ಬಿಸಿಗಾಳಿ. ಬಂದರಿನವರು ಅದನ್ನು ಬೈಯುತ್ತಾರೆ. ಮೋಂಜಿಗೆ ಅದು ತವರಿನ ಉಸಿರು. ಏಳೂ ಜನ ಬೋಟಿನ ಮೇಲಿದ್ದರು. ಮೋಂಜಿ ಕಚೇರಿಯ ಮಾತನ್ನೂ ರಫೀಕ ಹೇಳಿದ್ದನ್ನೂ ಬೆಳಿಗ್ಗೆಯೇ ಅವರ ಮುಂದೆ ಇಟ್ಟಿದ್ದ. ಬೈದವರು ಬೈದರು. ಸಾರೊ ಮಾತ್ರ ಹಗ್ಗ ಸುತ್ತುತ್ತಾ ಕೂತಿದ್ದ.

ಹತ್ತು ಗಂಟೆಗೆ ಕಾರು ಬಂದು ನಿಂತಿತು.

"ಧಣಿ, ಕೋಲ್ಡ್ ಸ್ಟೋರೇಜಲ್ಲಿ ಜಾಗ ಆಯ್ತಾ?" ಮೋಂಜಿ ಬೋಟಿನ ಅಂಚಿಗೆ ಬಂದು ಕೇಳಿದ.

"ತುಂಬೈತೆ ಅಂತ ಎಷ್ಟು ಸಲ ಬೊಗಳ್ಬೇಕು ನಿನಗೆ?"

"ಏನ್ ತುಂಬೈತೆ? ಬೆಕ್ಕಿನ ಮರಿಯಾ?"

ಲಝರ್ ಕಿಸಕ್ಕೆಂದ. ಪಕ್ಕದ ಬೋಟಿನಲ್ಲಿ ಪೆಟ್ಟಿಗೆ ತೊಳೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ದೊನ್ ಗಾಸ್ಪರೆಗೆ ವಿಷಯ ಎಲ್ಲಿಂದ ಸೋರಿತು ಅನ್ನುವುದು ಹೊಳೆಯಲು ಒಂದು ಗಳಿಗೆ ಬೇಕಾಯಿತು.

"ಓಹೋ. ಕಸಬರಿಕೆಗೂ ನಾಲಿಗೆ ಬಂತಾ? ನಾಳೆಯಿಂದ ಕಾಲಿಡ್ಬೇಡ ಅನ್ನು ಆ ಲೌಡಿಗೆ."

"ಅವಳೇ ಹೇಳಿ ಕಳ್ಸವ್ಳೆ, ಬರಾಕಿಲ್ಲ ಅಂತ."

"ಲೇ! ನನ್ನ ಬೋಟು, ನನ್ನ ಸಿಗಡಿ, ನನ್ನ ಇಷ್ಟ. ಆಗಾಕಿಲ್ಲ ಅಂದ್ರೆ ಇಳಿದು ನಡಿ. ಶಿಳ್ಳೆ ಹೊಡೆದ್ರೆ ಹತ್ತು ತುರ್ಕರು ಬಾಲ ಅಲ್ಲಾಡಿಸ್ಕೊಂಡು ಬರ್ತಾರೆ." ಅಷ್ಟರಲ್ಲಿ ಮೇಲೆ ಹಾರುತ್ತಿದ್ದ ಕಡಲಹಕ್ಕಿಯೊಂದು ಕಾರಿನ ಗಾಜಿನ ಮೇಲೆ ಹಿಕ್ಕೆ ಹಾಕಿತು. ದೊನ್ ಗಾಸ್ಪರೆ ಅದನ್ನು ನೋಡಿದ, ಮೋಂಜಿಯನ್ನು ನೋಡಿದ. ಅವನ ಮುಖ ಸಡಿಲವಾಯಿತು. "ಬಾ ಇಲ್ಲಿ. ಮೊದ್ಲು ಇದನ್ನ ಒರೆಸು. ಆಮೇಲೆ ಪಾಲಿನ ಮಾತು."

ಮೋಂಜಿ ತಿರುಗಿ ಇಂಜಿನ್ ಕೋಣೆಯ ಏಣಿ ಇಳಿಯತೊಡಗಿದ.

"ಹಾಂ! ಹಂಗೆ ಬಾ ದಾರಿಗೆ" ಎಂದು ಮೇಲಿನಿಂದ ಕೂಗು ಬಂತು. "ಬಟ್ಟೆ ಒದ್ದೆ ಮಾಡ್ಕೊಂಡು ಬಾ, ಗಾಜಿಗೆ ಗೀರು ಬೀಳ್ಬಾರ್ದು!"

ಕೆಳಗೆ ಕತ್ತಲು, ಕಾವು, ನಡುಕ. ಮೋಂಜಿ ಜನರೇಟರಿನ ಮುಂದೆ ನಿಂತ. ಇದರ ಸದ್ದಿನಲ್ಲೇ ಅವನು ಉಂಡಿದ್ದ, ಮಲಗಿದ್ದ, ಅವ್ವ ಸತ್ತ ಸುದ್ದಿ ಕೇಳಿದ್ದ. ಸದ್ದಿನಲ್ಲಿ ಕೂದಲೆಳೆ ವ್ಯತ್ಯಾಸವಾದರೂ ನಿದ್ದೆಯಿಂದ ಎದ್ದು ಕೂರುತ್ತಿದ್ದ. ಡೀಸೆಲ್ ಬರುವ ಕೊಳವೆಯ ತಿರುಪನ್ನು ಬಲಕ್ಕೆ ತಿರುಗಿಸಿದ. ಯಂತ್ರ ಎರಡು ಸಲ ಗುಟುಕು ಬೇಡಿತು, ಒಮ್ಮೆ ಮೈ ಒದರಿತು, ನಿಂತಿತು. ಸ್ಪ್ಯಾನರ್ ಹಿಡಿದು ಎಣ್ಣೆ ಪಂಪಿನಿಂದ ಕಿರುಬೆರಳು ಗಾತ್ರದ ಕೊಳವೆಯೊಂದನ್ನು ಬಿಚ್ಚಿ, ಒರೆಸಿ, ಜೇಬಿಗೆ ಹಾಕಿಕೊಂಡ. ಅದಿಲ್ಲದೆ ಯಾವ ಮೆಕ್ಯಾನಿಕ್ಕಿನ ಅಪ್ಪ ಬಂದರೂ ಅದು ಓಡುವಂತಿರಲಿಲ್ಲ.

ಮೇಲೆ ಬಂದಾಗ ಧಕ್ಕೆಯ ಕಲ್ಲಿಗೆ ನೀರು ಬಡಿಯುವುದು ಕೇಳಿಸುತ್ತಿತ್ತು.

"ಏನಾಯ್ತ್ಲಾ? ಕೆಟ್ಟೋಯ್ತಾ?"

"ಕೆಟ್ಟಿಲ್ಲ. ನಿಲ್ಲಿಸ್ದೆ."

"ನಿಲ್ಲಿಸ್ದೆ?"

"ಡೀಸೆಲ್ ತುಟ್ಟಿ ಧಣಿ. ಉಳಿಸ್ತಾ ಇದೀನಿ." ಮೋಂಜಿ ಜೇಬಿನಿಂದ ಕೊಳವೆ ತೆಗೆದು ತೋರಿಸಿ ಮತ್ತೆ ಒಳಗಿಟ್ಟ. ಧಕ್ಕೆಯ ಕರೆಂಟು ಕಂಬದ ಕಡೆ ಕೈ ಮಾಡಿದ. "ಅಲ್ಲಿಂದ ತಂತಿ ಎಳ್ಸು, ಮೀಟ್ರು ನಿನ್ನ ಹೆಸ್ರಲ್ಲೇ ಐತೆ. ಇಲ್ಲ, ಕೋಲ್ಡ್ ಸ್ಟೋರೇಜ್ ಸ್ವಿಚ್ ಹಾಕ್ಸು, ನಾವೇ ಹೊತ್ತು ಇಳಿಸ್ತೀವಿ. ಎರಡೂ ಬೇಡ್ವಾ, ನಿನ್ನ ಕಾರಿಂದ ಒಂದು ಕ್ಯಾನು ಪೆಟ್ರೋಲ್ ಬಗ್ಗಿಸಿ ತಂದು ಜನರೇಟ್ರಿಗೆ ಹುಯ್ಯಿ. ಎಣ್ಣೆ ಎಣ್ಣೆನೇ ಅಲ್ವಾ?"

ದೊನ್ ಗಾಸ್ಪರೆಯ ಕತ್ತಿನ ನರ ಉಬ್ಬಿತು. "ನಿನ್ನ ಪಾಲೂ ಅದ್ರೊಳಗೇ ಐತೆ ಕಣ್ಲಾ ಹುಚ್ಚುಮುಂಡೇಮಗನೆ! ಮೂವತ್ತನಾಲ್ಕು ದಿನದ್ದು!"

"ಐತೆ."

"ಕೊಳೆತೋಗ್ತದೆ!"

"ನಿಂದೂ ನಂದೂ ಜೊತೇಲೇ ಕೊಳೀಲಿ. ಇವತ್ತೊಂದು ದಿನ ಆದ್ರೂ ಸಮಪಾಲು."

"ಸಾರೊ!" ಧಣಿಯ ದನಿ ಕೀಚಲಾಯಿತು. "ತಾಂಡೇಲ ನೀನು! ನಮ್ಮೋನು ನೀನು! ಏನ್ ನೋಡ್ತಾ ಕೂತಿದೀಯ, ಅವನ ಜೇಬಿಗೆ ಕೈ ಹಾಕಿ ಕಿತ್ಕೊ ಅದನ್ನ!"

ಸಾರೊ ಹಗ್ಗ ಕೆಳಗಿಟ್ಟ. ಮಂಡಿ ಚಟಕ್ಕೆನ್ನಿಸುತ್ತಾ ಎದ್ದ. ಮೋಂಜಿಯ ಹತ್ತಿರ ಬಂದ, ಅವನನ್ನು ದಾಟಿ ಮುಂದೆ ಹೋದ. ಶೀತಕೋಣೆಯ ಮುಚ್ಚಳದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಕಬ್ಬಿಣದ ಕೊಂಡಿಗಳನ್ನು ಒಂದೊಂದಾಗಿ ತೆಗೆದ. ನಾಲ್ಕನೆಯದು ಗಟ್ಟಿಯಾಗಿತ್ತು. ಇನ್ನೊಬ್ಬ ಕಲಾಸಿ ಬಂದು ಕೈಜೋಡಿಸಿದ. ಮುಚ್ಚಳ ಎದ್ದಿತು. ಬಿಳಿ ಹಬೆ ಭುಸ್ಸೆಂದು ಮೇಲೆ ಬಂದು ಬಿಸಿಗಾಳಿಗೆ ಸಿಕ್ಕಿ ಕರಗಿತು. ಸಾರೊ ಆ ಬಾಯಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ.

"ಏನ್ ಸೆಕೆನಪ್ಪ" ಅಂದ. "ಬನ್ರೋ, ಒಸಿ ತಂಪು ತಗೊಳ್ಳಿ."

ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು, ಬಾವಿಕಟ್ಟೆಯ ಮೇಲೆ ಕೂತ ಹಾಗೆ. ಮೋಂಜಿಯೂ ಕೂತ. ಆ ಪೆಟ್ಟಿಗೆಗಳಲ್ಲಿ ಒಂದೊಂದನ್ನೂ ಅವನ ಕಣ್ಣು ಬಲ್ಲದು.

"ಪೊಲೀಸ್ ಕರೀತೀನಿ! ಒಬ್ಬೊಬ್ಬನ್ನೂ ಒದ್ದು ಗಡಿ ದಾಟಿಸ್ತೀನಿ!" ದೊನ್ ಗಾಸ್ಪರೆ ಫೋನ್ ಎಳೆದ.

"ಕರೀರಿ ಧಣಿ. ಬರೋವಾಗ ಐಸ್ ತರಾಕೆ ಹೇಳಿ" ಅಂದ ಲಝರ್. ಅವನು ಮುಚ್ಚಳದ ಪಕ್ಕದ ಶೀತಮಾಪಕದ ಮುಂದೆ ಬಗ್ಗಿದ್ದ. ಸೊನ್ನೆಯ ಕೆಳಗೆ ಇಪ್ಪತ್ತೆರಡರಲ್ಲಿ ಇರಬೇಕಾದ ಮುಳ್ಳು ಅಲ್ಲಾಡಿತು. ಲಝರ್ ನೆಟ್ಟಗಾಗಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಬಂದರಿನ ಹರಾಜುಕಟ್ಟೆಯಲ್ಲಿ ಮೀನಿನ ದರ ಇಳಿಸುತ್ತಾ ಕೂಗುವವನ ಧಾಟಿಯಲ್ಲಿ ಶುರುಮಾಡಿದ.

"ಇಪ್ಪತ್ತೊಂದು! ಇಪ್ಪತ್ತೊಂದು ಅಂತಾರೆ, ಇಪ್ಪತ್ತೊಂದು! ಒಳ್ಳೆ ಕೆಂಪು ಸಿಗಡಿ ಸ್ವಾಮೀ, ಆಳದ ಸಿಗಡಿ! ಕರೆಂಟ್ ಕೊಡೋರು ಯಾರಾದ್ರೂ ಉಂಟಾ? ಇಲ್ಲ? ಇಪ್ಪತ್ತು!"

ಪಕ್ಕದ ಬೋಟಿನವರು ಅಂಚಿಗೆ ಬಂದರು. ಅದರಾಚೆಯ ಬೋಟಿನವರು ಆ ಬೋಟಿಗೆ ದಾಟಿದರು. ಬಲೆ ಹೊಲಿಯುವವರು, ಪೆಟ್ಟಿಗೆ ಹೊರುವವರು, ಕೈಗಾಡಿಯವರು ಧಕ್ಕೆಯ ಮೇಲೆ ನೆರೆದರು. ತುರ್ಕರಿದ್ದರು, ಊರವರೂ ಇದ್ದರು. ದೊನ್ ಗಾಸ್ಪರೆ ಫೋನನ್ನು ಕಿವಿಗಿಟ್ಟುಕೊಳ್ಳಲಿಲ್ಲ, ಜೇಬಿಗೂ ಹಾಕಲಿಲ್ಲ. ಒಂದು ಸಲ ಕರೆಂಟು ಕಂಬ ನೋಡಿದ, ಒಂದು ಸಲ ಜನರನ್ನು ನೋಡಿದ. ಬಿಳಿ ಅಂಗಿಯ ಬೆನ್ನು ಒದ್ದೆಯಾಗಿ ಅಂಟಿತ್ತು.

"ಹದಿನೇಳು! ಧಣಿ ಸುಮ್ನವ್ರೆ, ಧಣಿಗೆ ಬೇಡ್ವಂತೆ, ಹದಿನೇಳು!"

"ಹದಿನಾರು!" ಪಕ್ಕದ ಬೋಟಿನಿಂದ ಯಾರೋ ಸೇರಿಸಿದರು.

ಬಿಸಿಗಾಳಿ ಬೀಸುತ್ತಲೇ ಇತ್ತು. ಮೋಂಜಿ ಕೆಳಗೆ ನೋಡಿದ. ಎಲ್ಲಕ್ಕೂ ಮೇಲಿದ್ದ ಪೆಟ್ಟಿಗೆಯ ಮೂಲೆಯಲ್ಲಿ ಮಂಜು ತೆಳ್ಳಗಾಗಿ, ಅದರಡಿಯ ಕೆಂಪು ಬಣ್ಣ ಕಾಣತೊಡಗಿತ್ತು. ಅವನು ಜೇಬಿನೊಳಗಿನ ಕೊಳವೆಯನ್ನು ಬಿಗಿಯಾಗಿ ಹಿಡಿದುಕೊಂಡ. ಬಿಡಲಿಲ್ಲ.

"ಹದಿನೈದು!"

ಈ ಸಲ ಕೂಗಿದ್ದು ಲಝರ್ ಅಲ್ಲ. ಇಡೀ ಧಕ್ಕೆ.